ಕಾಣದವರಿಗೆ ಮಾತು, ಕೇಳದವರಿಗೆ ಅಕ್ಷರ: ಅದು ಕನ್ನಡದಲ್ಲೇ ಇರಲಿ

ಕಣ್ಣು ಕಾಣದವರು, ಕಿವಿ ಕೇಳದವರು ಸಿನಿಮಾ ನೋಡುವುದು ಹೇಗೆ? ಕಾಸರಗೋಡು, ಮಂಜೇಶ್ವರ ಕಡೆಯ ಓದುಗರು ಈ ಬಗ್ಗೆ ಕೇಳಿದ ಪ್ರಶ್ನೆಗಳಿಗೆ, ಸಿನಿಮಾಗಳಿಗೆ ಕ್ಯಾಪ್ಷನ್ ಮತ್ತು ಆಡಿಯೊ ವಿವರಣೆ ಬರೆಯುವ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಾವನವರಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿದೆ. ಮೊದಲು ಹೊಸ ಕನ್ನಡ ಸಿನಿಮಾ ಬಂದರೆ ಮಂಗಳೂರಿಗೇ ಹೋಗಿ ನೋಡುತ್ತಿದ್ದರು. ಈಗ ಕರೆದರೆ "ನನಗೆ ಎಂತಕ್ಕೆ, ನೀವು ಹೋಗಿ ಬನ್ನಿ" ಅನ್ನುತ್ತಾರೆ. ಒಮ್ಮೆ ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳುತ್ತಿದ್ದರೆ ಹಿಂದಿನ ಸೀಟಿನವರು ಗದರಿದರು. ಬೇರೆ ದಾರಿ ಇದೆಯಾ? (ಬದಿಯಡ್ಕದ ಓದುಗರು)

ಇದೆ ಅಕ್ಕ. ಅದಕ್ಕೆ ಆಡಿಯೊ ವಿವರಣೆ ಅನ್ನುತ್ತಾರೆ. ಪಾತ್ರಗಳ ಮಾತು ನಿಂತಾಗ ಸಿಗುವ ಬಿಡುವಿನಲ್ಲಿ ಒಂದು ದನಿ, ತೆರೆಯ ಮೇಲೆ ಏನಾಗುತ್ತಿದೆ ಎಂದು ಹೇಳುತ್ತಾ ಹೋಗುತ್ತದೆ. ಯಾರು ಒಳಗೆ ಬಂದರು, ಕೈಯಲ್ಲಿ ಏನು ಹಿಡಿದಿದ್ದಾರೆ, ಯಾರ ಕಡೆ ನೋಡಿದರು ಎಂದೆಲ್ಲ. ಹೆಡ್‌ಫೋನ್ ಹಾಕಿದವರಿಗೆ ಮಾತ್ರ ಕೇಳುವುದರಿಂದ ಹಿಂದಿನ ಸೀಟಿನವರ ತಕರಾರೂ ಇಲ್ಲ.

ಥಿಯೇಟರಿನವರೇ ಹೆಡ್‌ಫೋನ್ ಕೊಡುವುದು ಒಂದು ರೀತಿ. ನಮ್ಮ ಕಡೆ ಅದಿನ್ನೂ ಅಪರೂಪ. ಇನ್ನೊಂದು ನಿಮ್ಮ ಫೋನಿನಲ್ಲೇ ಆಗುವಂಥದ್ದು. ಎಕ್ಸ್‌ಎಲ್ ಸಿನಿಮಾ, ಗ್ರೇಟಾ, ಮೂವಿಬಫ್ ಆಕ್ಸೆಸ್ ಎಂಬ ಆ್ಯಪ್‌ಗಳಿವೆ. ಸಿನಿಮಾದ ವಿವರಣೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೋಗಬೇಕು. ಒಳಗೆ ಕೂತ ಮೇಲೆ ಫೋನಿನ ಮೈಕ್ ಸಿನಿಮಾದ ಶಬ್ದ ಕೇಳಿಸಿಕೊಂಡು, ಈಗ ಯಾವ ದೃಶ್ಯ ಓಡುತ್ತಿದೆ ಎಂದು ಪತ್ತೆ ಹಚ್ಚುತ್ತದೆ. ಅಲ್ಲಿಂದ ವಿವರಣೆ ಶುರುವಾಗುತ್ತದೆ. ಇಯರ್‌ಫೋನ್ ಒಂದೇ ಕಿವಿಗೆ ಹಾಕಲು ಹೇಳಿ. ಇನ್ನೊಂದು ಕಿವಿ ಥಿಯೇಟರಿನ ಶಬ್ದಕ್ಕೆ ಬೇಕು.

ಆದರೆ ಎಲ್ಲ ಸಿನಿಮಾಗಳಿಗೂ ವಿವರಣೆ ಇರುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ಆ್ಯಪಿನ ಪಟ್ಟಿಯಲ್ಲಿ ಹೆಸರು ಇದೆಯಾ, ಯಾವ ಭಾಷೆಯಲ್ಲಿದೆ ಎಂದು ನೋಡಿ. ಸದ್ಯಕ್ಕೆ ಹಿಂದಿ, ಇಂಗ್ಲಿಷಿನದ್ದೇ ಜಾಸ್ತಿ. ಮನೆಯಲ್ಲಿ ನೋಡುವುದಾದರೆ ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೊದಂಥ ಕಡೆ ಆಡಿಯೊ ಭಾಷೆ ಆರಿಸುವ ಜಾಗದಲ್ಲೇ ಈ ಆಯ್ಕೆ ಸಿಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ, ತೆರೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಚಾಲೂ ಮಾಡಿಕೊಟ್ಟರೆ ಮಾವನವರು ಯಾರನ್ನೂ ಕರೆಯದೆ ತಾವೇ ಹುಡುಕಿ ಹಾಕಿಕೊಳ್ಳಬಹುದು. ಕಲಿಯಲು ಸ್ವಲ್ಪ ದಿನ ಹಿಡಿಯುತ್ತದೆ, ಬಿಡಬೇಡಿ.

ಮಾವನವರು ತಾಳಮದ್ದಳೆ ಕೇಳಿರುತ್ತಾರೆ ಅಲ್ವಾ? ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮಗೆ ಹತ್ತಿರವೇ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಬರೀ ಮಾತಿನಲ್ಲಿ ದುರ್ಯೋಧನನ ಸಭೆಯನ್ನೇ ಕಟ್ಟಿ ನಿಲ್ಲಿಸುತ್ತಾನೆ. ಕೇಳಿ ಕಾಣುವ ಅಭ್ಯಾಸ ನಮ್ಮ ಊರಿನ ಹಿರಿಯರಿಗೆ ಹೊಸದಲ್ಲ. ಹಾಗಾಗಿ "ನನಗೆ ಎಂತಕ್ಕೆ" ಎಂಬ ಮಾತನ್ನು ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ.

ವಿವರಣೆ ಇಲ್ಲದ ಸಿನಿಮಾಕ್ಕೆ ನೀವೇ ಹೇಳುವುದಾದರೆ ಜನ ಕಮ್ಮಿ ಇರುವ ವಾರದ ದಿನದ ಆಟಕ್ಕೆ ಹೋಗಿ, ಮೂಲೆಯ ಸೀಟು ಹಿಡಿಯಿರಿ. ಯಾರ ಪಾತ್ರ ಏನು, ಯಾರು ಹೇಗಿದ್ದಾರೆ ಎಂಬುದನ್ನು ಮೊದಲೇ ಮನೆಯಲ್ಲಿ ಹೇಳಿಬಿಡಿ. ಒಳಗೆ, ಮಾತು ನಿಂತಾಗ ಮಾತ್ರ ಬಾಯಿ ತೆರೆಯಿರಿ. ಬಾಗಿಲು ಬಡಿದ ಸದ್ದು ಅವರಿಗೂ ಕೇಳಿದೆ, ಅದನ್ನು ಹೇಳಬೇಕಿಲ್ಲ. ಬಡಿದವರು ಯಾರು ಅಂತ ಹೇಳಿ.

ಪ್ರಶ್ನೆ: ನನಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ಇಲ್ಲಿನ ಥಿಯೇಟರಿಗೆ ಬರುವುದು ಹೆಚ್ಚಾಗಿ ಮಲಯಾಳ ಸಿನಿಮಾ. ಕೆಳಗೆ ಅಕ್ಷರ ಬಂದರೂ ಇಂಗ್ಲಿಷಿನಲ್ಲಿ. "ಸಬ್‌ಟೈಟಲ್ ಉಂಟಲ್ಲ, ಇನ್ನೇನು ಬೇಕು" ಎಂದು ಗೆಳೆಯರು ಕೇಳುತ್ತಾರೆ. ಕಾನೂನಿನಲ್ಲಿ ನಮಗೇನೂ ಹಕ್ಕಿಲ್ಲವೇ? (ಮಂಜೇಶ್ವರದ ಓದುಗರು)

ಹಕ್ಕಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್, ವಿದ್ಯುನ್ಮಾನ ಮಾಧ್ಯಮದಲ್ಲಿ ಆಡಿಯೊ ವಿವರಣೆ, ಸಂಜ್ಞಾಭಾಷೆ, ಕ್ಯಾಪ್ಷನ್ ಮೂರನ್ನೂ ಹೆಸರಿಸಿ ಹೇಳುತ್ತದೆ. 2023ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಇದೇ ಕಾಯ್ದೆಯ ಆಧಾರದಲ್ಲಿ, 'ಪಠಾಣ್' ಚಿತ್ರದ ಒಟಿಟಿ ಬಿಡುಗಡೆಗೆ ಕ್ಯಾಪ್ಷನ್, ಆಡಿಯೊ ವಿವರಣೆ ಸಿದ್ಧಪಡಿಸಲು ನಿರ್ಮಾಪಕರಿಗೆ ಹೇಳಿತು. ಆ ಪ್ರಕರಣ ಶುರುವಾದದ್ದು ಕಣ್ಣು, ಕಿವಿಯ ತೊಂದರೆ ಇದ್ದವರೇ ಹಾಕಿದ ಅರ್ಜಿಯಿಂದ. ಆಮೇಲೆ 2024ರ ಮಾರ್ಚ್ 15ರಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಥಿಯೇಟರ್ ಸಿನಿಮಾಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಸೆನ್ಸಾರ್ ಆಗುವ ಚಿತ್ರಗಳಿಗೆ 6 ತಿಂಗಳು, ಉಳಿದವಕ್ಕೆ 2 ವರ್ಷ ಗಡುವು ಕೊಟ್ಟಿತು. ಕೇಳದವರಿಗೆ ಒಂದು, ಕಾಣದವರಿಗೆ ಒಂದು ಸೌಲಭ್ಯವಾದರೂ ಇರಲೇಬೇಕು.

ನಿಮ್ಮ ಗೆಳೆಯರಿಗೆ ಇದನ್ನು ಹೇಳಿ. ಸಬ್‌ಟೈಟಲ್ ಬರೆಯುವುದು ಭಾಷೆ ಬಾರದ, ಆದರೆ ಕಿವಿ ಕೇಳುವ ಜನರಿಗೆ. ಹಿಂದಿನಿಂದ ಲಾರಿ ಹಾರ್ನ್ ಹೊಡೆದದ್ದು ಅದರಲ್ಲಿ ಇರುವುದಿಲ್ಲ. ಕತ್ತಲಲ್ಲಿ ಮಾತಾಡಿದವರು ಯಾರು ಎಂದೂ ಇರುವುದಿಲ್ಲ. ಕ್ಯಾಪ್ಷನ್ ಬರೆಯುವುದು ಕಿವಿ ಕೇಳದವರಿಗೆ, ಅದರಲ್ಲಿ ಇದೆಲ್ಲ ಇರಬೇಕು.

ಈಗ ಗಡಿಯ ಮಾತು. ಮಲಯಾಳ ಸಿನಿಮಾಕ್ಕೆ ಮಲಯಾಳ ಲಿಪಿಯಲ್ಲಿ ಕ್ಯಾಪ್ಷನ್ ಹಾಕಿದರೆ ಕಣ್ಣೂರಿನವರಿಗೆ ಸಾಕು. ಕನ್ನಡ ಶಾಲೆಯಲ್ಲಿ ಓದಿದ ನಿಮಗೆ ಅದು ಏನೂ ಕೊಡುವುದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಶಾಲೆಗಳು ಉಳಿದಿವೆ. ಅಲ್ಲಿ ಕಲಿತ, ಕಿವಿ ಕೇಳದ ಮಕ್ಕಳಿಗೆ ಓದಲು ಬರುವುದು ಕನ್ನಡವೇ. ಕೇಳುವವರು ಮಾರ್ಕೆಟಿನಲ್ಲಿ, ಬಸ್ಸಿನಲ್ಲಿ ಕಿವಿಯಿಂದಲೇ ಮಲಯಾಳ, ತುಳು ಕಲಿತುಬಿಡುತ್ತಾರೆ. ನಿಮಗೆ ಆ ದಾರಿಯೂ ಮುಚ್ಚಿದೆ. ಆದ್ದರಿಂದ ಗಡಿಯಲ್ಲಿ "ಕ್ಯಾಪ್ಷನ್ ಇದೆ" ಎಂದರೆ ಸಾಲದು, ಯಾವ ಭಾಷೆಯಲ್ಲಿ ಇದೆ ಎಂದು ಕೇಳಬೇಕು. ನಾನು ಹೋದಲ್ಲೆಲ್ಲ ಇದನ್ನೇ ಹೇಳುತ್ತಿದ್ದೇನೆ. ಕ್ಯಾಪ್ಷನ್ ಬೇರೆ ಫೈಲಿನಲ್ಲಿ ಇರುವುದರಿಂದ ಒಂದೇ ಸಿನಿಮಾಕ್ಕೆ ನಾಲ್ಕು ಭಾಷೆಯ ಫೈಲ್ ಇಡಬಹುದು. ತಾಂತ್ರಿಕವಾಗಿ ಅದು ಕಷ್ಟವೇ ಅಲ್ಲ.

ಮೂಕಿ ಚಿತ್ರಗಳ ಕಾಲದಲ್ಲಿ ಕಿವಿ ಕೇಳದವರು ಎಲ್ಲರ ಜತೆ ಸಮನಾಗಿ ಕೂತು ಸಿನಿಮಾ ನೋಡುತ್ತಿದ್ದರು. ಮಾತೆಲ್ಲ ಅಕ್ಷರದಲ್ಲೇ ಬರುತ್ತಿತ್ತು. 1931ರಲ್ಲಿ ಭಾರತದ ಮೊದಲ ಟಾಕಿ, 1934ರಲ್ಲಿ ಕನ್ನಡದ ಮೊದಲ ಟಾಕಿ ಬಂದವು. ಅಲ್ಲಿಗೆ ಆ ಅಕ್ಷರ ಹೋಯಿತು. ನೀವು ಕೇಳುತ್ತಿರುವುದು ಒಮ್ಮೆ ಇದ್ದದ್ದನ್ನೇ.

ದೂರು ಮೊದಲು ಥಿಯೇಟರಿನ ಮ್ಯಾನೇಜರಿಗೆ ಬರಹದಲ್ಲಿ ಕೊಡಿ, ಪ್ರತಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಕೇರಳದ ರಾಜ್ಯ ವಿಕಲಚೇತನರ ಆಯುಕ್ತರಿಗೆ ಬರೆಯಿರಿ. ಕನ್ನಡದಲ್ಲೇ ಬರೆಯಬಹುದು. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದ ಜತೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಅವಕಾಶ ಕೊಟ್ಟಿದೆ.

ಪ್ರಶ್ನೆ: ನಾವು ಐದಾರು ಜನ ಗೆಳೆಯರು ಸೇರಿ ಒಂದು ತುಳು ಸಿನಿಮಾ ಮಾಡುತ್ತಿದ್ದೇವೆ. ಕಥೆ ಕಾಸರಗೋಡಿನದ್ದೇ. ಬಜೆಟ್ ಕಮ್ಮಿ. ಕ್ಯಾಪ್ಷನ್, ಆಡಿಯೊ ವಿವರಣೆ ನಾವೇ ಮಾಡಬಹುದಾ? ಎಲ್ಲಿಂದ ಶುರು ಮಾಡಬೇಕು? (ಉಪ್ಪಳದ ಓದುಗರು)

ನೀವೇ ಮಾಡಬಹುದು, ಮಾಡಲೇಬೇಕು. ದೂರದ ಊರಿನ ಕಂಪನಿಗೆ ಕೊಟ್ಟರೆ ಅವರು ಅಡಿಕೆ ಹಾಳೆಯ ಮುಟ್ಟಾಳೆಯನ್ನು ಬರೀ ಟೋಪಿ ಎಂದು ಬರೆಯುತ್ತಾರೆ.

ಕ್ಯಾಪ್ಷನ್‌ಗೆ ಸಬ್‌ಟೈಟಲ್ ಎಡಿಟ್, ಈಜಿಸಬ್ ಎಂಬ ಉಚಿತ ಸಾಫ್ಟ್‌ವೇರ್‌ಗಳಿವೆ. ತುಳು ಮಾತನ್ನು ಕನ್ನಡ ಲಿಪಿಯಲ್ಲಿ ಹಾಗೇ ಬರೆದ ಒಂದು ಫೈಲ್, ಕನ್ನಡ ಅನುವಾದದ ಇನ್ನೊಂದು ಫೈಲ್ ಮಾಡಿ. ಮಲಯಾಳದ್ದನ್ನು ಆಮೇಲೆ ಸೇರಿಸಬಹುದು. ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಡಿಟಿಪಿ ಅಂಗಡಿಯ ಹಳೆಯ ಫಾಂಟ್‌ನಲ್ಲಿ ಮಾಡಿದರೆ ತೆರೆಯ ಮೇಲೆ ಬರೀ ಗೀಟು, ಚುಕ್ಕಿ ಕಾಣುತ್ತದೆ. ಥಿಯೇಟರಿಗೆ ಕೊಡುವ ಸಿನಿಮಾದ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ ಮಾಡಿಸುವಾಗ ಕನ್ನಡ ಸಾಲುಗಳನ್ನು ಚಿತ್ರವಾಗಿ, ಅಂದರೆ ಪಿಎನ್‌ಜಿ ಆಗಿ ಹಾಕಿಸಿ. ಥಿಯೇಟರುಗಳಲ್ಲಿ ಅದನ್ನು ಓಡಿಸುವ ಕೆಲವು ಸರ್ವರ್‌ಗಳಲ್ಲಿ ನಮ್ಮ ಒತ್ತಕ್ಷರ ಒಡೆದು ಹೋಗುತ್ತದೆ.

ಒಂದು ಸಲಕ್ಕೆ ಎರಡು ಸಾಲು ಮೀರಬಾರದು. 7 ಸೆಕೆಂಡಿಗಿಂತ ಹೆಚ್ಚು ನಿಲ್ಲಿಸಬೇಡಿ. ತೀರ ಬೇಗ ಓಡಿಸಬೇಡಿ. ಹುಟ್ಟಿನಿಂದ ಕೇಳದವರಲ್ಲಿ ತುಂಬ ಜನರಿಗೆ ಸಂಜ್ಞೆಯೇ ಮೊದಲ ಭಾಷೆ, ಅಕ್ಷರ ಆಮೇಲೆ ಕಲಿತದ್ದು. ಹಾಗೆಂದು ಮಾತನ್ನು ಅರ್ಧಕ್ಕೆ ಇಳಿಸುವುದೂ ಬೇಡ. ಬೈಗುಳ ಇದ್ದರೆ ಬೈಗುಳವನ್ನೇ ಬರೆಯಿರಿ. ಉಳಿದವರು ಕೇಳಿದ್ದು ಅವರಿಗೂ ಸಿಗಬೇಕು.

ಶಬ್ದಗಳ ವಿಷಯದಲ್ಲಿ ಬರೀ [ಸಂಗೀತ] ಎಂದು ಹಾಕಿ ಮುಗಿಸುವವರೇ ಜಾಸ್ತಿ. ಅದರಿಂದ ಏನು ತಿಳಿಯುತ್ತದೆ? [ದೂರದಲ್ಲಿ ಚೆಂಡೆ], [ಗಗ್ಗರದ ಸದ್ದು ಹತ್ತಿರವಾಗುತ್ತದೆ] ಎಂದು ಬರೆದರೆ ಮುಂದೆ ಏನೋ ಬರುತ್ತಿದೆ ಎಂದು ಗೊತ್ತಾಗುತ್ತದೆ. ನಿಮ್ಮ ಕಥೆ ಕಾಸರಗೋಡಿನದ್ದಾದರೆ ಇನ್ನೂ ಒಂದು ಕೆಲಸವಿದೆ. ಇಲ್ಲಿನವರು ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುತ್ತಾರೆ. ತುಳುವಿನಲ್ಲಿ ಸಲಿಗೆಯಿಂದ ಮಾತಾಡುತ್ತಿದ್ದ ಅಣ್ಣ ತಮ್ಮನ ಎದುರು ಥಟ್ಟನೆ ಮಲಯಾಳಕ್ಕೆ ತಿರುಗಿದರೆ ಅದೇ ಒಂದು ಘಟನೆ. ಎಲ್ಲವನ್ನೂ ಒಂದೇ ಕನ್ನಡದಲ್ಲಿ ಬರೆದರೆ, ಓದುವವರಿಗೆ ಅಲ್ಲಿ ಏನೂ ಆದಂತೆಯೇ ಕಾಣುವುದಿಲ್ಲ. ಸಾಲಿನ ಮೊದಲು [ಮಲಯಾಳದಲ್ಲಿ] ಎಂದು ಗುರುತು ಹಾಕಿ.

ಆಡಿಯೊ ವಿವರಣೆ ಬರೆಯಲು ಎಡಿಟಿಂಗ್ ಪೂರ್ತಿ ಮುಗಿದಿರಬೇಕು. ಕಣ್ಣು ಮುಚ್ಚಿ ಒಮ್ಮೆ ಸಿನಿಮಾ ಕೇಳಿ. ಎಲ್ಲಿ ಕಥೆ ತಪ್ಪಿಹೋಯಿತೋ ಅಲ್ಲಿ ವಿವರಣೆ ಬೇಕು, ಕೇಳಿಯೇ ತಿಳಿದರೆ ಬೇಡ. ಒಂದು ದೃಶ್ಯ ಹೀಗಿದೆ ಎನ್ನಿ: "ತಾಯಿ ಕಪಾಟು ತೆರೆಯುತ್ತಾಳೆ. ಎರಡು ಬಳೆ ತೆಗೆದು ಸೆರಗಿನ ತುದಿಗೆ ಕಟ್ಟುತ್ತಾಳೆ. ಬಾಗಿಲ ಸಂದಿಯಲ್ಲಿ ಮಗ." ಇಷ್ಟು ಸಾಕು. "ಸಾಲ ತೀರಿಸಲು ದುಃಖದಿಂದ ಬಳೆ ತೆಗೆಯುತ್ತಾಳೆ" ಎಂದು ಬರೆದರೆ ನೀವೇ ಕಥೆ ಹೇಳಿ ಮುಗಿಸಿದಿರಿ. ಕಾಣುವವರು ಆ ದುಃಖವನ್ನು ಅವಳ ಕೈಯಿಂದ ತಾವೇ ಓದಿಕೊಳ್ಳುತ್ತಾರೆ. ಕಾಣದವರಿಗೂ ಆ ಅವಕಾಶ ಬಿಡಿ. ಪಾತ್ರದ ಹೆಸರನ್ನು ಸಿನಿಮಾ ಹೇಳುವ ಮೊದಲು ನೀವು ಹೇಳಬೇಡಿ, ಅಲ್ಲಿಯವರೆಗೆ "ಕೆಂಪು ಶರ್ಟಿನವನು" ಆಗಿರಲಿ. ಮಾತಿನ ಮೇಲೆ ಮಾತು ಹಾಕಬೇಡಿ. ಕೆಲವು ಮೌನವನ್ನು ಹಾಗೇ ಬಿಡಿ, ನಿರ್ದೇಶಕರು ಮೌನ ಇಟ್ಟದ್ದಕ್ಕೂ ಕಾರಣವಿರುತ್ತದೆ.

ಬರೆದ ಮೇಲೆ ಕಣ್ಣು ಕಾಣದವರೊಬ್ಬರಿಗೆ ಕೇಳಿಸಿ, ಅವರು ಹೇಳಿದ ಕಡೆ ತಿದ್ದಿ. ಅವರ ಸಮಯಕ್ಕೆ ದುಡ್ಡು ಕೊಡಿ. ಇದು ಉಪಕಾರ ಅಲ್ಲ, ಕೆಲಸ. ಕ್ಯಾಪ್ಷನನ್ನೂ ಕೇಳದವರೊಬ್ಬರು ನೋಡಲಿ. ಬಜೆಟ್ ಬರೆಯುವಾಗಲೇ ಇದಕ್ಕೊಂದು ಸಾಲು ಇಟ್ಟುಕೊಳ್ಳಿ. ಬಿಡುಗಡೆಯ ಹಿಂದಿನ ವಾರ ನೆನಪಾದರೆ ಚೆನ್ನಾಗಿ ಆಗುವುದಿಲ್ಲ. 2025ರ ಜನವರಿ 1ರಿಂದ ರಾಷ್ಟ್ರಪ್ರಶಸ್ತಿಗೆ ಕಳಿಸುವ ಚಿತ್ರಗಳಿಗೆ ಕ್ಯಾಪ್ಷನ್, ಆಡಿಯೊ ವಿವರಣೆ ಎರಡೂ ಕಡ್ಡಾಯ ಎಂದು ಕೇಂದ್ರದ 2024ರ ಮಾರ್ಗಸೂಚಿಯಲ್ಲಿದೆ.

ಪ್ರಶ್ನೆ: ಸಣ್ಣ ಪೇಟೆಯಲ್ಲಿ ನಮ್ಮದೊಂದು ಥಿಯೇಟರ್ ಇದೆ. ಇದಕ್ಕೆಲ್ಲ ಎಷ್ಟು ಖರ್ಚು ಬೀಳುತ್ತದೋ ಎಂದು ಹೆದರಿಕೆ. (ಕಾಸರಗೋಡು ತಾಲೂಕಿನ ಓದುಗರು)

ಹೆದರಬೇಡಿ. ಖರ್ಚಿಲ್ಲದ್ದರಿಂದ ಶುರು ಮಾಡಿ. ವಾರಕ್ಕೆ ಒಂದು ಆಟ ಎಲ್ಲರಿಗೂ ಕಾಣುವಂತೆ ಕ್ಯಾಪ್ಷನ್ ಹಾಕಿ, ಪೋಸ್ಟರಿನಲ್ಲಿ ತಿಳಿಸಿ. ವಿತರಕರ ಹತ್ತಿರ ಕ್ಯಾಪ್ಷನ್ ಫೈಲ್ ಕೇಳಿ ಪಡೆಯಿರಿ, ಕನ್ನಡದ್ದು ಇದೆಯಾ ಎಂದೂ ಕೇಳಿ. ಆಡಿಯೊ ವಿವರಣೆಯ ಆ್ಯಪ್ ಇದ್ದರೆ ಟಿಕೆಟ್ ಕೌಂಟರಿನಲ್ಲಿ ಅದರ ಹೆಸರು ಬರೆದು ಹಾಕಿ, ಗೇಟಿನ ಹುಡುಗರಿಗೂ ಹೇಳಿಕೊಡಿ. ಫೋನ್ ಒಳಗೆ ತರಬಾರದು ಎಂದು ಅವರು ತಡೆದರೆ ಎಲ್ಲವೂ ಹಾಳು.

ಡಿಸಿಪಿ ಓಡಿಸುವ ಸರ್ವರ್ ನಿಮ್ಮದಾದರೆ ಅದರಲ್ಲಿ ಶಬ್ದದ 7ನೇ ಚಾನೆಲ್ ಕಿವಿ ಮಂದ ಇರುವವರಿಗೆ ಮಾತು ಸ್ಪಷ್ಟವಾಗಿ ಕೇಳಿಸಲು, 8ನೇ ಚಾನೆಲ್ ಆಡಿಯೊ ವಿವರಣೆಗೆ ಎಂದೇ ಇದೆ. ಒಂದು ಟ್ರಾನ್ಸ್‌ಮಿಟರ್, ನಾಲ್ಕೈದು ಹೆಡ್‌ಫೋನ್ ಸೇರಿಸಿದರೆ ಎರಡನ್ನೂ ಕೊಡಬಹುದು. ವಯಸ್ಸಾದವರು ಸಿನಿಮಾಕ್ಕೆ ಬರುವುದನ್ನೇ ನಿಲ್ಲಿಸಲು ಕಿವಿ ಮಂದವಾದದ್ದೂ ಒಂದು ಕಾರಣ, ಅವರೆಲ್ಲ ನಿಮ್ಮ ಪ್ರೇಕ್ಷಕರೇ. ಒಂದು ಎಚ್ಚರಿಕೆಯೂ ಇರಲಿ: 2016ರ ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡವಿದೆ.

ಪ್ರಶ್ನೆ: ಕ್ಯಾಪ್ಷನ್ ಇದ್ದ ಮೇಲೆ ಸಂಜ್ಞಾಭಾಷೆ ಯಾಕೆ? (ಕುಂಬಳೆಯ ಓದುಗರು)

ಇನ್ನೂ ಓದಲು ಕಲಿಯದ ಪುಟ್ಟ ಮಕ್ಕಳಿಗೆ, ಶಾಲೆಗೇ ಹೋಗದ ಹಿರಿಯರಿಗೆ ಕ್ಯಾಪ್ಷನ್‌ನಿಂದ ಏನು ಪ್ರಯೋಜನ? ಭಾರತೀಯ ಸಂಜ್ಞಾಭಾಷೆಗೆ ಅದರದ್ದೇ ವ್ಯಾಕರಣವಿದೆ. ಅದು ಕನ್ನಡವನ್ನು ಕೈಯಲ್ಲಿ ಆಡುವುದಲ್ಲ. ಅದಕ್ಕೆಂದೇ ದೆಹಲಿಯಲ್ಲಿ 2015ರಲ್ಲಿ ಕೇಂದ್ರ ಸರ್ಕಾರ ಒಂದು ಸಂಶೋಧನಾ ಕೇಂದ್ರ ಶುರು ಮಾಡಿದೆ. ಮಕ್ಕಳ ಚಿತ್ರಗಳಿಗಂತೂ ಮೂಲೆಯಲ್ಲಿ ಸಂಜ್ಞಾಭಾಷೆಯ ಕಿಟಕಿ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ವಿದ್ಯಾನಗರದ ಸರ್ಕಾರಿ ಅಂಧರ ಶಾಲೆಯ ಮಕ್ಕಳಿಗೆ ಹಳೆಯ ಕನ್ನಡ ಸಿನಿಮಾ ತೋರಿಸಬೇಕೆಂದು ನಮ್ಮ ಕ್ಲಬ್ಬಿನವರ ಆಸೆ. ವಿವರಣೆ ನಾವೇ ಸೇರಿಸಿದರೆ ಕಾಪಿರೈಟ್ ತೊಂದರೆ ಬರುತ್ತದಾ? (ಮುಳ್ಳೇರಿಯದ ಓದುಗರು)

ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 52(1)(ಝಡ್‌ಬಿ) ಎಂಬ ಭಾಗವಿದೆ. ವಿಕಲಚೇತನರಿಗಾಗಿ ಕೆಲಸ ಮಾಡುವ ಸಂಸ್ಥೆ ಲಾಭವಿಲ್ಲದೆ, ಮಾಡಿದ ಖರ್ಚನ್ನಷ್ಟೇ ಪಡೆದು, ಯಾವುದೇ ಕೃತಿಯನ್ನು ಅವರಿಗೆ ಒದಗುವ ರೂಪಕ್ಕೆ ತರಬಹುದು. ಆ ಪ್ರತಿ ಅವರಿಗೆ ಮಾತ್ರ ಹೋಗಬೇಕು, ಬೇರೆ ಕಡೆ ಹರಡಬಾರದು. ನಿಮ್ಮ ಕ್ಲಬ್ ಅಂಥ ಸಂಸ್ಥೆ ಅಲ್ಲದಿದ್ದರೆ ಅಂಥವರ ಜತೆ, ಇಲ್ಲವೇ ಶಾಲೆಯ ಜತೆ ಸೇರಿ ಮಾಡಿ. ಊರವರನ್ನೆಲ್ಲ ಕರೆದು ತೋರಿಸುವುದಾದರೆ ಚಿತ್ರದ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು.

ಸಿನಿಮಾ ಆರಿಸುವಾಗ ಮಕ್ಕಳನ್ನೇ ಕೇಳಿ. ಅವರು ಹೊಡೆದಾಟದ್ದೇ ಬೇಕೆಂದರೆ ಅದನ್ನೇ ಹಾಕಿ. ಆಗ ವಿವರಣೆಗೆ ವೇಗವಾಗಿ, ಸ್ಪಷ್ಟವಾಗಿ ಮಾತಾಡುವ ದನಿ ಹುಡುಕಬೇಕಾಗುತ್ತದೆ. ನಿಮ್ಮ ಕಡೆ ಯಕ್ಷಗಾನದ ಅರ್ಥಧಾರಿಗಳಿಗೆ ಕೊರತೆಯಿಲ್ಲ, ಅವರಲ್ಲೊಬ್ಬರನ್ನು ಕೇಳಿ ನೋಡಿ.