ಕೇಸರ ನೋಡಿ ಮೋಸ ಹೋಗಬೇಡಿ

ದಕ್ಷಿಣ ಆಫ್ರಿಕಾದ ಸಾಬಿ ಸ್ಯಾಂಡ್ ಅಭಯಾರಣ್ಯದ ಮಪೋಗೋ ಅನ್ನೋ ಗುಂಪಿನ ಗಂಡು ಸಿಂಹಗಳು ವಿಡಿಯೋದಲ್ಲಿ ಒಂದೇ ಥರ ಕಾಣುತ್ತವೆ, ಸಂಶೋಧಕರು ಕೇಸರ ನೋಡಿ ಗುರುತಿಸುತ್ತಾರಾ ಅಂತ ಕೇಳಿದ್ದೀರಿ. ಕೇಸರ ನಂಬುವ ಹಾಗಿಲ್ಲ. ವಯಸ್ಸಾದಂತೆ ಕಪ್ಪಾಗುತ್ತದೆ, ಜಗಳದಲ್ಲಿ ಉದುರುತ್ತದೆ.

ನಿಜವಾದ ಗುರುತು ಮೀಸೆಯ ಬುಡದಲ್ಲಿದೆ. ಮುಖದ ಫೋಟೋ ಜೂಮ್ ಮಾಡಿ. ಮೀಸೆ ಚುಕ್ಕೆಗಳ ಸಾಲುಗಳಿಗಿಂತ ಮೇಲ್ಗಡೆ, ಎಳ್ಳು ಉದುರಿಸಿದ ಹಾಗೆ, ಕೆಲವೇ ಚುಕ್ಕೆಗಳು ಬಿಡಿಬಿಡಿಯಾಗಿ ಕಾಣುತ್ತವೆ. ಕೆಳಗಿನ ಸಾಲಿನ ಯಾವ ಚುಕ್ಕೆಯ ನೇರಕ್ಕೆ ಅವು ಕೂತಿವೆ ಅಂತ ಬರೆದುಕೊಳ್ಳುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಲೆಕ್ಕ. ಸಾಯುವವರೆಗೂ ಅದು ಬದಲಾಗುವುದಿಲ್ಲ. 1966ರಲ್ಲಿ ತಾಂಜಾನಿಯಾದಲ್ಲಿ ಶುರುವಾದ ಸೆರೆಂಗೆಟಿ ಸಿಂಹ ಅಧ್ಯಯನದಲ್ಲೂ ಈ ಚುಕ್ಕೆಗಳನ್ನೇ ನೆಚ್ಚಿಕೊಂಡಿದ್ದಾರೆ. ಹರಿದ ಕಿವಿ, ಗಾಯದ ಕಲೆ ಸಹಾಯಕ್ಕೆ ಬರುತ್ತವೆ, ಆದರೆ ಹೊಸ ಗಾಯ ಆಗುತ್ತಲೇ ಇರುತ್ತದಲ್ವಾ!

ಇನ್ನು, ಗುಂಪನ್ನು ವಶಮಾಡಿಕೊಂಡ ಹೊಸ ಗಂಡುಗಳು ಅಲ್ಲಿನ ಮರಿಗಳನ್ನು ಯಾಕೆ ಕೊಲ್ಲುತ್ತವೆ ಅನ್ನೋ ನಿಮ್ಮ ಇನ್ನೊಂದು ಪ್ರಶ್ನೆ. ಸುಮ್ನೆ ಕ್ರೌರ್ಯ ಅಲ್ಲ. ಮರಿ ಬದುಕಿದ್ದರೆ ತಾಯಿ ಸುಮಾರು ಎರಡು ವರ್ಷ ಮತ್ತೆ ಬೆದೆಗೆ ಬರುವುದಿಲ್ಲ. ಗುಂಪು ಈ ಗಂಡುಗಳ ಕೈಯಲ್ಲಿರುವುದೇ ಹೆಚ್ಚೂಕಮ್ಮಿ ಎರಡು ಮೂರು ವರ್ಷ. ಕಾಯೋಕೆ ಟೈಮೆಲ್ಲಿ? ಹಾಗಾಗಿ ಅಪರಿಚಿತ ಚುಕ್ಕೆಗಳ ಗಂಡು ಬಂತು, ಮರಿಗಳು ಕಾಣೆಯಾದವು ಅಂದರೆ ಗುಂಪು ಕೈಬದಲಾಗಿರುವ ಸಾಧ್ಯತೆ ಜಾಸ್ತಿ.

ನಿಮ್ಮ ಹತ್ತಿರ ಎರಡೂ ಕೆನ್ನೆಯ ಸ್ಪಷ್ಟ ಫೋಟೋ ಇದ್ದರೆ ಹಾಕಿ, ನೋಡೋಣ.