ಓದುಗರ ಪ್ರಶ್ನೆ: ಜೂರಾ ಸೀಮೆಯ ದ್ರಾಕ್ಷಿ ಮತ್ತು ವೈನ್

ಫ್ರಾನ್ಸಿನ ಪೂರ್ವದಲ್ಲಿ, ಬರ್ಗಂಡಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ಇರುವ ಜೂರಾ ಸೀಮೆಯ ವೈನ್ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮಗಳು ಲಿಯೋಂ ನಗರದಲ್ಲಿ ಕೆಲಸಕ್ಕಿದ್ದಾಳೆ. ಈ ಬೇಸಿಗೆಯಲ್ಲಿ ನಮ್ಮನ್ನು ಜೂರಾಕ್ಕೆ ಕರೆದೊಯ್ಯುವುದಾಗಿ ಹೇಳುತ್ತಿದ್ದಾಳೆ. ಬೋರ್ಡೊ, ಬರ್ಗಂಡಿ ಹೆಸರು ಕೇಳಿದ್ದೇವೆ; ಇದರ ವಿಶೇಷವೇನು? (ಮೈಸೂರಿನ ಓದುಗರು)

ಉತ್ತರ: ಉತ್ತರದ ಸಾಲಾಂ-ಲೆ-ಬ್ಯಾಂನಿಂದ ದಕ್ಷಿಣದ ಸ್ಯಾಂತಾಮೂರ್‌ವರೆಗೆ ಸುಮಾರು 80 ಕಿಲೋಮೀಟರ್ ಉದ್ದಕ್ಕೆ, ಬೆಟ್ಟಸಾಲಿನ ಪಶ್ಚಿಮದ ಇಳಿಜಾರಿನಲ್ಲಿ ಹಬ್ಬಿರುವ ತೆಳುವಾದ ಪಟ್ಟಿಯೇ ಜೂರಾದ ದ್ರಾಕ್ಷಿ ಸೀಮೆ. ಒಟ್ಟು ವಿಸ್ತೀರ್ಣ ಎರಡು ಸಾವಿರ ಹೆಕ್ಟೇರ್‌ನಷ್ಟು ಮಾತ್ರ. ಫ್ರಾನ್ಸಿನ ಲೆಕ್ಕದಲ್ಲಿ ಇದು ಬಹಳ ಚಿಕ್ಕದು. ಭೂವಿಜ್ಞಾನದಲ್ಲಿ ನಾವು ಓದುವ ಜುರಾಸಿಕ್ ಯುಗಕ್ಕೆ ಹೆಸರು ಬಂದದ್ದು ಈ ಬೆಟ್ಟಗಳಿಂದಲೇ. ಆ ಕಾಲದ ಸಮುದ್ರ ಬಿಟ್ಟುಹೋದ ಸುಣ್ಣಕಲ್ಲು ಮತ್ತು ನೀಲಿ ಬೂದು ಛಾಯೆಯ ಜೇಡಿಮಣ್ಣು ಇಂದಿಗೂ ಬಳ್ಳಿಗಳ ಬುಡದಲ್ಲಿವೆ. ಲೆತ್ವಾಲ್ ಎಂಬ ಹಳ್ಳಿಯ ತೋಟಗಳಲ್ಲಿ ಮಣ್ಣು ಕೆದಕಿದರೆ ಬೆರಳಿನ ಉಗುರಿಗಿಂತ ಚಿಕ್ಕದಾದ, ಐದು ಮೂಲೆಗಳ ನಕ್ಷತ್ರಾಕಾರದ ಪಳೆಯುಳಿಕೆಗಳು ಸಿಗುತ್ತವೆ; ನಕ್ಷತ್ರ ಎಂಬ ಅರ್ಥದ ಆ ಹೆಸರು ಊರಿಗೆ ಬಂದದ್ದು ಇವುಗಳಿಂದಲೇ ಎಂದು ಅಲ್ಲಿಯವರು ಹೇಳುತ್ತಾರೆ.

ಇಲ್ಲಿ ಬೆಳೆಯುವ ಮುಖ್ಯ ತಳಿಗಳು ಐದು. ಶಾರ್ಡೊನೇ ಮತ್ತು ಪಿನೊ ನ್ವಾರ್ ನೆರೆಯ ಬರ್ಗಂಡಿಯೊಂದಿಗೆ ಹಂಚಿಕೊಂಡ ತಳಿಗಳು. ಇವುಗಳಲ್ಲಿ ಶಾರ್ಡೊನೇ ಅತಿ ಹೆಚ್ಚು ಜಾಗದಲ್ಲಿದೆ. ಬಿಳಿ ದ್ರಾಕ್ಷಿಯಾದ ಸಾವಾನ್ಯಾಂ ಮತ್ತು ಕೆಂಪು ದ್ರಾಕ್ಷಿಗಳಾದ ಪುಲ್ಸಾರ್, ತ್ರೂಸೋ ಈ ಸೀಮೆಯ ಗುರುತು. ಆದರೆ ನಮ್ಮ ಅಭಿಪ್ರಾಯದಲ್ಲಿ, ಜೂರಾದ ವೈನನ್ನು ತಳಿಯ ಹೆಸರಿನಿಂದ ಮಾತ್ರ ಅರಿಯಲು ಹೊರಟವರು ಅರ್ಧ ದಾರಿಯಲ್ಲೇ ನಿಲ್ಲಬೇಕಾಗುತ್ತದೆ. ಒಂದೇ ತೋಟದ ಒಂದೇ ದ್ರಾಕ್ಷಿ, ಪೀಪಾಯಿಯನ್ನು ನೋಡಿಕೊಂಡ ರೀತಿಗೆ ತಕ್ಕಂತೆ, ಪರಸ್ಪರ ಗುರುತೇ ಸಿಗದ ಎರಡು ವೈನ್‌ಗಳಾಗಬಹುದು. ಮುಂದಿನ ಪ್ರಶ್ನೆ ಇದಕ್ಕೇ ಸಂಬಂಧಿಸಿದ್ದು.

ಪ್ರಶ್ನೆ: ಪ್ಯಾರಿಸ್ಸಿನ ಸ್ನೇಹಿತರೊಬ್ಬರ ಮನೆಯಲ್ಲಿ ಕೊಟ್ಟ ಹಳದಿ ವೈನಿನಲ್ಲಿ ಹಣ್ಣಿನ ವಾಸನೆಯೇ ಇರಲಿಲ್ಲ; ಆಕ್ರೋಟ್ ಮತ್ತು ಮೆಂತ್ಯದ ವಾಸನೆ ಬಂತು. ಅದು ಕೆಟ್ಟಿತ್ತೇ? ಅವರು ಬೆಲೆಬಾಳುವ ಬಾಟಲಿ ಎಂದಿದ್ದರಿಂದ ಕೇಳಲು ಸಂಕೋಚವಾಯಿತು. (ಶಿವಮೊಗ್ಗದ ಓದುಗರು)

ಉತ್ತರ: ಕೆಟ್ಟಿರಲಿಲ್ಲ. ನಿಮಗೆ ಸಿಕ್ಕಿದ್ದು ಜೂರಾದ ಹೆಮ್ಮೆಯಾದ ವ್ಯಾಂ ಜೋನ್, ಅಂದರೆ ಹಳದಿ ವೈನ್. ಮೆಂತ್ಯದ ವಾಸನೆಯನ್ನು ನೀವು ಗುರುತಿಸಿದ್ದು ಸರಿಯಾಗಿಯೇ ಇದೆ: ಮೆಂತ್ಯಕ್ಕೆ ಅದರ ವಿಶಿಷ್ಟ ವಾಸನೆಯನ್ನು ಕೊಡುವ ಸೊಟೊಲಾನ್ ಎಂಬ ರಾಸಾಯನಿಕವೇ ಈ ವೈನಿನಲ್ಲಿಯೂ ಇರುತ್ತದೆ. ಫ್ರಾನ್ಸಿನವರು ಇದನ್ನು ಕರಿ ಪುಡಿಯ ವಾಸನೆ ಎಂದು ವರ್ಣಿಸುವುದುಂಟು. ಸಾರಿನ ಪುಡಿಗೆ ಮೆಂತ್ಯ ಹುರಿದ ಅನುಭವವಿರುವ ನಮ್ಮ ಮೂಗಿಗೆ ಅದು ಇನ್ನಷ್ಟು ಸ್ಪಷ್ಟವಾಗಿ ತಿಳಿಯುತ್ತದೆ.

ಈ ವೈನ್ ಆಗುವ ಬಗೆ ಹೀಗೆ. ಸಾಮಾನ್ಯವಾಗಿ ಮರದ ಪೀಪಾಯಿಯಲ್ಲಿರುವ ವೈನ್ ಆವಿಯಾಗಿ ತಗ್ಗುತ್ತಾ ಹೋದಂತೆ, ಗಾಳಿ ಸೇರದಿರಲೆಂದು ಮತ್ತೆ ಮತ್ತೆ ವೈನ್ ಸುರಿದು ಪೀಪಾಯಿಯನ್ನು ಬಾಯಿಮಟ್ಟ ತುಂಬಿಸುತ್ತಾರೆ. ವ್ಯಾಂ ಜೋನ್‌ಗೆ ಹಾಗೆ ತುಂಬಿಸುವುದಿಲ್ಲ. ತಡವಾಗಿ, ಹಲವು ವರ್ಷ ಅಕ್ಟೋಬರ್ ಕೊನೆಯವರೆಗೂ ಕಾದು ಕೊಯ್ದ ಸಾವಾನ್ಯಾಂ ದ್ರಾಕ್ಷಿಯ ವೈನನ್ನು 228 ಲೀಟರ್‌ನ ಹಳೆಯ ಪೀಪಾಯಿಗಳಿಗೆ ಹಾಕಿ, ಮೇಲೆ ಜಾಗ ಬಿಟ್ಟು, ಹಾಗೆಯೇ ಇರಿಸುತ್ತಾರೆ. ಕಾಲಕ್ರಮದಲ್ಲಿ ವೈನಿನ ಮೇಲ್ಮೈಯಲ್ಲಿ ಕಾಯಿಸಿ ಆರಿಸಿದ ಹಾಲಿನ ಕೆನೆಯಂತೆ ತೆಳುವಾದ, ಮಾಸಲು ಬಿಳಿ ಬಣ್ಣದ ಪೊರೆಯೊಂದು ಕಟ್ಟಿಕೊಳ್ಳುತ್ತದೆ. ಇದು ಯೀಸ್ಟಿನ ಪೊರೆ. ಅಲ್ಲಿಯವರು ಇದನ್ನು ವಾಲ್, ಅಂದರೆ ಮುಸುಕು ಎನ್ನುತ್ತಾರೆ. ಪೊರೆಯ ಯೀಸ್ಟ್ ಗಾಳಿಯ ಆಮ್ಲಜನಕವನ್ನು ತಾನೇ ಬಳಸಿಕೊಂಡು, ಕೆಳಗಿನ ವೈನ್ ವಿನೆಗರ್ ಆಗದಂತೆ ತಡೆಯುತ್ತದೆ. ಅದೇ ಹೊತ್ತಿಗೆ ಮದ್ಯಸಾರದ ಒಂದಂಶವನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ. ಆಕ್ರೋಟಿನ ವಾಸನೆಗೆ ಕಾರಣ ಮುಖ್ಯವಾಗಿ ಈ ಅಸಿಟಾಲ್ಡಿಹೈಡ್; ಇದರಿಂದಲೇ ವರ್ಷಗಳು ಕಳೆದಂತೆ ನಿಧಾನವಾಗಿ ಸೊಟೊಲಾನ್ ಕೂಡ ಹುಟ್ಟುತ್ತದೆ.

ಕಾನೂನಿನ ಪ್ರಕಾರ ಈ ವೈನ್ ಕೊಯ್ಲಿನ ನಂತರದ ಆರನೆಯ ವರ್ಷದ ಡಿಸೆಂಬರ್ 15ರವರೆಗೆ ಪೀಪಾಯಿಯಲ್ಲಿರಬೇಕು. ಅದರಲ್ಲಿ ಕನಿಷ್ಠ 60 ತಿಂಗಳು ಪೊರೆಯ ಕೆಳಗಿರಬೇಕು. ಈ ಕಾಯುವಿಕೆ ನಿಶ್ಚಿಂತೆಯ ಕಾಯುವಿಕೆಯಲ್ಲ. ಪೊರೆ ಹರಿದರೆ ಬ್ಯಾಕ್ಟೀರಿಯಾ ಸೇರಿ ವೈನ್ ಹುಳಿಯಾಗುತ್ತದೆ. ಹೀಗಾಗಿ ಪ್ರತಿ ಪೀಪಾಯಿಯಿಂದಲೂ ಕಾಲಕಾಲಕ್ಕೆ ಸ್ವಲ್ಪ ವೈನ್ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ದಾರಿ ತಪ್ಪುತ್ತಿರುವ ಪೀಪಾಯಿಯನ್ನು ಬೇಗನೆ ಹೊರತೆಗೆದು ಸಾಧಾರಣ ಸಾವಾನ್ಯಾಂ ವೈನಾಗಿ ಮಾರುತ್ತಾರೆ. ಕೊನೆಗೆ ಉಳಿದದ್ದನ್ನು 62 ಸೆಂಟಿಲೀಟರ್ ಹಿಡಿಯುವ ಕ್ಲಾವೆಲಾಂ ಎಂಬ ಗಿಡ್ಡ, ಅಗಲ ಭುಜದ ಬಾಟಲಿಗೆ ತುಂಬುತ್ತಾರೆ. ಒಂದು ಲೀಟರ್ ವೈನಿನಲ್ಲಿ ಅಷ್ಟೂ ವರ್ಷಗಳ ನಂತರ ಉಳಿಯುವುದು ಇಷ್ಟೇ ಎಂಬುದು ಅಲ್ಲಿನ ಸಾಂಪ್ರದಾಯಿಕ ಲೆಕ್ಕ.

ಬಂಡೆಯ ಅಂಚಿನ ಮೇಲಿರುವ ಶಾತೊ-ಶಾಲೋಂ ಎಂಬ ಹಳ್ಳಿಯ ಹೆಸರಿನಲ್ಲಿ ವ್ಯಾಂ ಜೋನ್ ಬಿಟ್ಟು ಬೇರೆ ವೈನನ್ನು ಮಾರುವಂತಿಲ್ಲ. ಕೊಯ್ಲಿಗೆ ಮುಂಚೆ ತೋಟಗಳ ಪರಿಶೀಲನೆ ನಡೆಯುತ್ತದೆ. ಹಣ್ಣು ತಕ್ಕಷ್ಟು ಮಾಗಿಲ್ಲವೆಂದು 1974, 1980, 1984 ಮತ್ತು 2001ರಲ್ಲಿ ಇಡೀ ಊರಿನ ಬೆಳೆಗೇ ಆ ಹೆಸರನ್ನು ನಿರಾಕರಿಸಲಾಯಿತು. ಒಂದು ವರ್ಷದ ಆದಾಯಕ್ಕೆ ಪೆಟ್ಟು ಬೀಳುವುದನ್ನು ತಿಳಿದೂ ಊರಿನ ಹೆಸರಿಗೆ ಕುಂದು ಬಾರದಂತೆ ನೋಡಿಕೊಂಡ ಆ ಬೆಳೆಗಾರರ ಬಗ್ಗೆ ನಮಗೆ ಅಪಾರ ಗೌರವವಿದೆ.

ವ್ಯಾಂ ಜೋನ್ ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಒಂದು ಉದಾಹರಣೆ: 1774ರ ಕೊಯ್ಲಿನ ಒಂದು ಬಾಟಲಿ 2018ರಲ್ಲಿ ಲೋಂ-ಲ-ಸೋನಿಯೇ ಪಟ್ಟಣದ ಹರಾಜಿನಲ್ಲಿ ಒಂದು ಲಕ್ಷ ಯೂರೋಗೂ ಹೆಚ್ಚಿಗೆ ಹೋಯಿತು.

ಇದೇ ಸಾವಾನ್ಯಾಂ ವೈನನ್ನು ಪೀಪಾಯಿ ತುಂಬಿಸುತ್ತಾ ಬೆಳೆಸಿದರೆ ನಿಂಬೆ, ಬಿಳಿ ಹೂವಿನ ಪರಿಮಳವಿರುವ, ಚುರುಕಾದ ಹುಳಿಯ ವೈನ್ ಆಗುತ್ತದೆ. ಲೇಬಲ್ಲಿನ ಮೇಲೆ ‘ಊಯೇ’ ಎಂದಿದ್ದರೆ ತುಂಬಿಸಿದ್ದು, ‘ಸು ವಾಲ್’ ಎಂದಿದ್ದರೆ ಪೊರೆಯ ಕೆಳಗಿಟ್ಟದ್ದು. ಶಾರ್ಡೊನೇ ವೈನನ್ನೂ ಕೆಲವರು ಪೊರೆಯ ಕೆಳಗೆ ಇಡುತ್ತಾರಾದ್ದರಿಂದ, ಕೊಳ್ಳುವ ಮುನ್ನ ಈ ಎರಡು ಪದಗಳನ್ನು ಹುಡುಕುವುದು ಒಳ್ಳೆಯದು.

ಪ್ರಶ್ನೆ: ಪುಲ್ಸಾರ್ ಎಂಬ ಕೆಂಪು ವೈನ್ ತರಿಸಿದೆ. ಬಣ್ಣ ತಿಳಿ ಗುಲಾಬಿ ಛಾಯೆಯ ರೋಸೇ ವೈನಿನಷ್ಟು ತೆಳುವಾಗಿದೆ. ನೀರು ಬೆರೆಸಿದ್ದಾರೆಯೇ? (ಲಂಡನ್ನಿನಲ್ಲಿ ನೆಲೆಸಿರುವ ಕನ್ನಡಿಗರು)

ಉತ್ತರ: ಇಲ್ಲ. ವೈನಿಗೆ ಬಣ್ಣ ಬರುವುದು ದ್ರಾಕ್ಷಿಯ ಸಿಪ್ಪೆಯಿಂದ. ಪುಲ್ಸಾರ್‌ನ ಸಿಪ್ಪೆ ಬಹಳ ತೆಳು, ಅದರಲ್ಲಿ ಬಣ್ಣದ ಅಂಶವೂ ಕಡಿಮೆ. ಆರ್ಬ್ವಾ ಪಟ್ಟಣದ ಪಕ್ಕದ ಪ್ಯುಪಿಯಾಂ ಹಳ್ಳಿಯವರು ಇದನ್ನು ಪ್ಲುಸಾರ್ ಎಂದು ಕರೆದು, ತಮ್ಮೂರನ್ನು ಈ ತಳಿಯ ಜಗತ್ತಿನ ರಾಜಧಾನಿ ಎನ್ನುತ್ತಾರೆ. ಗಾಢ ಬಣ್ಣವೇ ಬೇಕಾದರೆ ತ್ರೂಸೋ ನೋಡಿ. ಅದಕ್ಕೆ ಬಿಸಿಲು ಹೆಚ್ಚು ಬೇಕಾದ್ದರಿಂದ ಜೂರಾದಲ್ಲಿ ಬೆಚ್ಚನೆಯ ಜಲ್ಲಿ ನೆಲದಲ್ಲಿ ಬೆಳೆಯುತ್ತಾರೆ; ಪೋರ್ಚುಗಲ್ಲಿನಲ್ಲಿ ಬಾಸ್ಟಾರ್ಡೊ ಎನ್ನುವುದು ಇದೇ ತಳಿಯನ್ನು. ಜೂರಾದಲ್ಲಿ ಊಟಕ್ಕೆ ಹಗುರವಾದ ಕೆಂಪನ್ನು ಮೊದಲು, ಗಟ್ಟಿ ರುಚಿಯ ಬಿಳಿಯನ್ನು ನಂತರ ಕೊಡುವುದು ರೂಢಿ. ಇತರ ಸೀಮೆಗಳ ಕ್ರಮಕ್ಕೆ ಇದು ತದ್ವಿರುದ್ಧ.

ಪ್ರಶ್ನೆ: ಪಾಶ್ಚರ್ ಅವರ ಊರು ಜೂರಾ ಎಂದು ಓದಿದ್ದೇನೆ. ಅವರ ಸಂಶೋಧನೆಗೂ ಈ ವೈನಿಗೂ ಸಂಬಂಧವಿದೆಯೇ? (ಧಾರವಾಡದ ಶಿಕ್ಷಕರು)

ಉತ್ತರ: ನೇರ ಸಂಬಂಧವಿದೆ. ಲೂಯಿ ಪಾಶ್ಚರ್ ಹುಟ್ಟಿದ್ದು 1822ರಲ್ಲಿ ಜೂರಾದ ದೋಲ್ ಪಟ್ಟಣದಲ್ಲಿ, ಬೆಳೆದದ್ದು ಆರ್ಬ್ವಾದಲ್ಲಿ. ಅವರ ಆರ್ಬ್ವಾದ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಫ್ರಾನ್ಸಿನ ವೈನ್ ರಫ್ತಾಗುವಾಗ ಕೆಡುವುದೇಕೆಂದು ತಿಳಿಯಲು ಮೂರನೆಯ ನೆಪೋಲಿಯನ್ ಅವರನ್ನು ಕೋರಿದಾಗ, ಅವರು ಈ ಊರಿನಲ್ಲಿಯೇ ಕುಳಿತು ನೆರೆಹೊರೆಯವರ ನೆಲಮಾಳಿಗೆಗಳ ವೈನನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದರು. ವೈನಿನ ಮೇಲೆ ಕಟ್ಟುವ ಪೊರೆಗಳೆಲ್ಲ ಒಂದೇ ಅಲ್ಲ, ವಿನೆಗರ್ ಮಾಡುವ ಪೊರೆಯ ಜೀವಿಯೇ ಬೇರೆ ಎಂಬುದನ್ನು ಅವರು ಗುರುತಿಸಿದರು. ವೈನನ್ನು ಹದವಾಗಿ ಬಿಸಿಮಾಡಿ ಕೆಡದಂತೆ ಇಡುವ ಕ್ರಮವನ್ನು 1865ರಲ್ಲಿ ಪೇಟೆಂಟ್ ಮಾಡಿಸಿದರು. ನಾವು ದಿನವೂ ತರುವ ಪ್ಯಾಕೆಟ್ ಹಾಲಿನ ಪಾಶ್ಚರೀಕರಣ ಈ ಕ್ರಮದ ಮುಂದುವರಿಕೆ. 1874ರಲ್ಲಿ ಅವರು ಆರ್ಬ್ವಾ ಬಳಿ ತಮ್ಮದೇ ಒಂದು ದ್ರಾಕ್ಷಿ ತೋಟ ಕೊಂಡರು. 1878ರಲ್ಲಿ ಅಲ್ಲಿನ ಬಳ್ಳಿಗಳ ಮೇಲೆ ಗಾಜಿನ ಮನೆ ಕಟ್ಟಿಸಿ, ಹೊರಗಿನ ಯೀಸ್ಟ್ ತಾಗದಂತೆ ಬೆಳೆಸಿದ ದ್ರಾಕ್ಷಿಯ ರಸ ತಾನಾಗಿಯೇ ಹುದುಗುವುದಿಲ್ಲವೆಂದು ತೋರಿಸಿಕೊಟ್ಟರು. ಮಕ್ಕಳಿಗೆ ಪ್ರಯೋಗವೆಂದರೇನು ಎಂದು ವಿವರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ತೋಚದು.

ಪ್ರಶ್ನೆ: ನಾವು ಬೆಂಗಳೂರು ಬ್ಲೂ ಬೆಳೆಯುವವರು. ಅಷ್ಟು ಚಿಕ್ಕ ಸೀಮೆಯಲ್ಲಿ ಹಳೆಯ ತಳಿಗಳು ಹೇಗೆ ಉಳಿದವು? (ದೊಡ್ಡಬಳ್ಳಾಪುರದ ರೈತರು)

ಉತ್ತರ: ಎಲ್ಲವೂ ಉಳಿಯಲಿಲ್ಲ. 19ನೇ ಶತಮಾನದಲ್ಲಿ ಜೂರಾದಲ್ಲಿ ಸುಮಾರು 20,000 ಹೆಕ್ಟೇರ್ ದ್ರಾಕ್ಷಿ ಇತ್ತು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಕೀಟ ಬೇರುಗಳನ್ನು ತಿಂದುಹಾಕಿದ ಮೇಲೆ, ಕೀಟ ನಿರೋಧಕವಾದ ಅಮೆರಿಕನ್ ಬೇರಿಗೆ ಕಸಿ ಕಟ್ಟಿ ಮತ್ತೆ ನೆಡಬೇಕಾಯಿತು. ಆಗ ಆಂಫಾರಿನೇ, ಗೂಶ್ ಮುಂತಾದ ಹಲವು ಊರಿನ ತಳಿಗಳು ಮೂಲೆಗೆ ಸೇರಿದವು. ಐದು ತಳಿಗಳನ್ನು ಕಾಪಾಡಿದ್ದರಲ್ಲಿ, ವೈನಿಗೆ ಊರಿನ ಹೆಸರು ಬಳಸಲು ನಿಯಮ ಹಾಕುವ ಕಾನೂನಿನ ಪಾತ್ರ ದೊಡ್ಡದು. 1936ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಮೊಟ್ಟಮೊದಲು ಮಾನ್ಯತೆ ಪಡೆದ ಹೆಸರುಗಳಲ್ಲಿ ಆರ್ಬ್ವಾ ಒಂದು. ಆ ಹೆಸರು ಬೇಕೆಂದರೆ ನಿಗದಿತ ತಳಿಯನ್ನೇ ಬೆಳೆಯಬೇಕು. ಸಾವಾನ್ಯಾಂ ಎಷ್ಟು ಹಳೆಯದೆಂದರೆ, ಓರ್ಲಿಯಾನ್ ನಗರದ ಉತ್ಖನನದಲ್ಲಿ ಸಿಕ್ಕ ಸುಮಾರು 900 ವರ್ಷ ಹಿಂದಿನ ದ್ರಾಕ್ಷಿ ಬೀಜವೊಂದರ ಡಿಎನ್ಎ ಇದಕ್ಕೆ ಪೂರ್ಣವಾಗಿ ಹೊಂದುತ್ತದೆಂದು 2019ರಲ್ಲಿ ಪ್ರಕಟವಾಯಿತು. ಅಂದರೆ ಅಷ್ಟು ಶತಮಾನ ರೈತರು ಬೀಜ ಹಾಕದೆ, ಕಡ್ಡಿ ನೆಟ್ಟೇ ಈ ತಳಿಯನ್ನು ಮುಂದುವರಿಸಿದ್ದಾರೆ.

ನಿಮ್ಮ ಬೆಂಗಳೂರು ಬ್ಲೂ ಅಮೆರಿಕನ್ ಮೂಲದ ಇಸಬೆಲ್ಲಾ ತಳಿಗೆ ಸೇರಿದ್ದು. ವೈನ್ ಮಾರಾಟಕ್ಕಾಗಿ ಇಸಬೆಲ್ಲಾ ಬೆಳೆಯುವುದನ್ನು ಫ್ರಾನ್ಸ್ 1934ರ ಕಾನೂನಿನಲ್ಲಿ ನಿಷೇಧಿಸಿತು. ನಮ್ಮಲ್ಲಿ ಅದೇ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಒಂದು ನಾಡು ಹೊರಹಾಕಿದ ಬಳ್ಳಿ ಇನ್ನೊಂದರ ನೆಲದಲ್ಲಿ ಊರಿನದೇ ಆಗಿಬಿಡುತ್ತದೆ ಎಂಬುದಕ್ಕೆ ನಿಮ್ಮ ತೋಟವೇ ಸಾಕ್ಷಿ.

ಪ್ರಶ್ನೆ: ಸಿಹಿ ವೈನ್ ಇದೆಯೇ? ವ್ಯಾಂ ಜೋನ್ ಜೊತೆ ಸಸ್ಯಾಹಾರಿಗಳು ಏನು ತಿನ್ನಬಹುದು? (ಉಡುಪಿಯ ಓದುಗರು)

ಉತ್ತರ: ಸಿಹಿಗೆ ವ್ಯಾಂ ದ ಪಾಯ್ ಇದೆ: ಗೊಂಚಲುಗಳನ್ನು ಕನಿಷ್ಠ ಆರು ವಾರ ಒಣಗಿಸಿ, ರಸ ಗಟ್ಟಿಯಾದ ಮೇಲೆ ಹಿಂಡಿ ಮಾಡುವ ವೈನ್ ಇದು, ಅರ್ಧ ಬಾಟಲಿಗಳಲ್ಲಿ ಬರುತ್ತದೆ. ದ್ರಾಕ್ಷಿ ರಸಕ್ಕೆ ಬ್ರಾಂದಿ ಸೇರಿಸಿದ ಮಾಕ್‌ವ್ಯಾಂ ಕೂಡ ಸಿಹಿಯೇ, ಆದರೆ ಮದ್ಯಸಾರ ಹೆಚ್ಚು.

ವ್ಯಾಂ ಜೋನ್ ಜೊತೆಗೆ ಅಲ್ಲಿಯವರು ಕೋಳಿ ಮತ್ತು ಮೊರೆಲ್ ಅಣಬೆಯ ಅಡುಗೆ ಮಾಡುತ್ತಾರೆ. ಕೋಳಿ ಬಿಟ್ಟು, ಉತ್ತರ ಭಾರತದವರು ಗುಚ್ಚಿ ಎನ್ನುವ ಆ ಅಣಬೆಯನ್ನೇ ಕೆನೆಯಲ್ಲಿ ಬೇಯಿಸಿದರೂ ಚೆನ್ನಾಗಿ ಹೊಂದುತ್ತದೆ. ಎಲ್ಲರೂ ಹೇಳುವ ಜೋಡಿ ಕೋಂತೇ ಚೀಸ್. ಆದರೆ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಗಮನಿಸಬೇಕು: ಕೋಂತೇ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲನ್ನು ಗಟ್ಟಿಯಾಗಿಸುವ ರೆನೆಟ್ ಬಳಸುತ್ತಾರೆ. ಅದು ಬೇಡವಾದವರಿಗೆ ಆಕ್ರೋಟ್ ಸಾಕು. ಬಾಟಲಿಯನ್ನು ಕುಡಿಯುವ ಕೆಲವು ಗಂಟೆ ಮುಂಚೆಯೇ ತೆರೆದಿಡಿ. ಫ್ರಿಜ್ಜಿನ ತಣ್ಣಗೆ ಬೇಡ, 15 ಡಿಗ್ರಿ ಆಸುಪಾಸಿನಲ್ಲಿ ಬಡಿಸಿ. ಉಳಿದದ್ದಕ್ಕೆ ಬಿರಡೆ ಹಾಕಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ.