ಸತ್ಯವೇದ ಊರಿಂದಲೇ ತಾ, ತಂಗಿ
ತಂಗಿ, ಆಗಸ್ಟ್‌ನಲ್ಲಿ ಒಹಾಯೋದ ಕೊಲಂಬಸ್‌ಗೆ ಓದೋಕೆ ಬರುತ್ತಿದ್ದೀನಿ, ಕನ್ನಡ ಸತ್ಯವೇದ (ಬೈಬಲ್), ಚರ್ಚಿನ ಹಾಡಿನ ಪುಸ್ತಕ ಅಲ್ಲಿ ಅಂಗಡಿಯಲ್ಲಿ ಸಿಗುತ್ತಾ ಇಲ್ಲಾ ತೀರ್ಥಹಳ್ಳಿಯಿಂದಲೇ ಹೊತ್ತು ತರಬೇಕಾ ಅಂತ ಕೇಳಿದ್ದೀಯ. ತಾ. ಎರಡನ್ನೂ ತಾ. ಚಳಿ ಜಾಕೆಟ್ ಇಲ್ಲೇ ಕೊಂಡರಾಯಿತು. ಅಪ್ಪೆಮಿಡಿ ಬಾಟಲಿಗೆ ಎರಡು ಕವರ್ ಸುತ್ತು. ಬಾಡಿಗೆ ವಿಷಯ ನಿನ್ನ ಕಾಲೇಜಿನವರನ್ನೇ ಕೇಳು, ನನ್ನ ಕಾಲದ ಲೆಕ್ಕ ಈಗ ನಡೆಯುವುದಿಲ್ಲ.

ಅಂಗಡಿ ವಿಷಯ ಮಾತ್ರ ಸ್ವಲ್ಪ ಹೇಳಬೇಕು.

ನಾನು ಬಂದದ್ದು 2011ರ ಜನವರಿಯಲ್ಲಿ. ನಮ್ಮಲ್ಲಿ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅರ್ಧ ಗಂಟೆ ನಿಂತು ಮಾತಾಡುತ್ತೇವಲ್ವಾ, ಇಲ್ಲಿ ಮೊದಲ ಭಾನುವಾರ ಚರ್ಚಿಗೆ ಹೋದರೆ, ಮುಗಿದ ಕೂಡಲೇ ಎಲ್ಲರೂ ಸೀದಾ ಕಾರು ಹತ್ತಿದರು. ಆ ವಾರವೇ ಒಂದು ಸಂಜೆ ಚಳಿ ತಡೆಯಲಾಗದೆ ಬಸ್ ಸ್ಟಾಪ್ ಎದುರಿನ ಕ್ರೈಸ್ತ ಪುಸ್ತಕದಂಗಡಿಗೆ ನುಗ್ಗಿದೆ. ಗಲ್ಲಾದಲ್ಲಿದ್ದ ಅಜ್ಜಿ ಕಾಫಿ ಕೊಟ್ಟು, ಯಾವ ಊರು ಅಂತ ಕೇಳಿದರು. ಕನ್ನಡ ಅನ್ನೋ ಹೆಸರನ್ನೇ ಅವರು ಕೇಳಿರಲಿಲ್ಲ. ಆದರೂ ಎಲ್ಲೆಲ್ಲಿಗೋ ಫೋನ್ ಮಾಡಿ, ಒಂದೂವರೆ ತಿಂಗಳಲ್ಲಿ ನನಗೊಂದು ಕನ್ನಡ ಸತ್ಯವೇದ ತರಿಸಿಕೊಟ್ಟರು. ಅಲ್ಲೇ ನಿಂತು ಇಪ್ಪತ್ಮೂರನೇ ಕೀರ್ತನೆ ಜೋರಾಗಿ ಓದಿದೆ. ಅವರಿಗೆ ಒಂದಕ್ಷರ ತಿಳಿಯದಿದ್ದರೂ ಕೊನೆಗೆ ಆಮೆನ್ ಅಂದರು.

ಆಮೇಲೆ ನಾನು ಮಾಡಿದ್ದು ಇದು. ಪ್ರತಿ ತಿಂಗಳೂ ಅಲ್ಲಿಗೆ ಹೋಗಿ, ಅವರ ಕಾಫಿ ಕುಡಿದು, ಯಾವ ಪುಸ್ತಕ ಒಳ್ಳೆಯದು ಅಂತ ಅವರನ್ನೇ ಕೇಳಿ, ಮನೆಗೆ ಬಂದು ಅಮೆಜಾನ್‌ನಲ್ಲಿ ನಾಲ್ಕು ಡಾಲರ್ ಕಡಿಮೆಗೆ ತರಿಸುತ್ತಿದ್ದೆ. ಬೈಬಲ್ ಫೋನಿಗೇ ಬಂದಿತ್ತು. ಬೇಗ ಖರ್ಚಾಗುವ ಪುಸ್ತಕಗಳನ್ನು ವಾಲ್‌ಮಾರ್ಟ್‌ನವರೂ ಕಡಿಮೆ ಬೆಲೆಗೆ ಇಟ್ಟಿದ್ದರು. ಅಂಗಡಿಯವರು ಬದುಕುತ್ತಿದ್ದದ್ದೇ ಅಂಥ ಪುಸ್ತಕಗಳಿಂದ. ನನ್ನಂಥವರು ಊರೂರಲ್ಲೂ ಇದ್ದರು. ಊರೂರಲ್ಲೂ ಕ್ರೈಸ್ತ ಪುಸ್ತಕದಂಗಡಿ ಇಟ್ಟಿದ್ದ ಫ್ಯಾಮಿಲಿ ಕ್ರಿಶ್ಚಿಯನ್ ಸ್ಟೋರ್ಸ್ ಕಂಪನಿ 2015ರಲ್ಲಿ ದಿವಾಳಿ ಅರ್ಜಿ ಹಾಕಿತು, 2017ರಲ್ಲಿ 36 ರಾಜ್ಯಗಳ ಸುಮಾರು 240 ಅಂಗಡಿಗಳನ್ನೂ ಮುಚ್ಚುತ್ತೇವೆ ಅಂದಿತು. ಅಂಥದ್ದೇ ಅಂಗಡಿಗಳ ಲೈಫ್‌ವೇಯವರು 2019ರಲ್ಲಿ ತಮ್ಮ 170 ಅಂಗಡಿಗಳನ್ನು ಮುಚ್ಚಿ ಆನ್‌ಲೈನ್‌ಗೆ ಹೋದರು.

ನಮ್ಮ ಅಜ್ಜಿಯ ಅಂಗಡಿಯೂ ಆ ವರ್ಷಗಳಲ್ಲೇ ಹೋಯಿತು. ಕೊನೆಯ ವಾರ ಅರ್ಧ ಬೆಲೆ ಅಂತ ಬೋರ್ಡು ಹಾಕಿದ್ದರು. ನಾನೂ ಹೋಗಿ ಎರಡು ಚೀಲ ತುಂಬಿಕೊಂಡೆ. ಅಜ್ಜಿ ಬಿಲ್ ಹಾಕುತ್ತಾ, ನಿನ್ನ ಕನ್ನಡ ಬೈಬಲ್ ಚೆನ್ನಾಗಿದೆಯಾ ಅಂತ ಕೇಳಿದರು. ಹ್ಞೂಂ ಅಂದೆ. ಅಷ್ಟೇ ಅಂದದ್ದು. ಥ್ಯಾಂಕ್ಸ್ ಹೇಳಬೇಕಿತ್ತು, ಕ್ಷಮೆಯನ್ನೂ ಕೇಳಬೇಕಿತ್ತು. ಹಿಂದೆ ಸಾಲಿತ್ತು, ಹೊರಟುಬಿಟ್ಟೆ. ಅವರ ಪೂರ್ತಿ ಹೆಸರೂ ನನಗೆ ಗೊತ್ತಿಲ್ಲ.

ಈಗ ಕನ್ನಡ ಸತ್ಯವೇದ ಬೇಕಾದರೆ ಆನ್‌ಲೈನ್‌ನಲ್ಲೇ ಹುಡುಕಬೇಕು. ಅಕ್ಷರ ದಪ್ಪವೋ ಸಣ್ಣದೋ ಕೈಯಲ್ಲಿ ಹಿಡಿದು ನೋಡೋಕೆ ಆಗುವುದಿಲ್ಲ. ಅದಕ್ಕೇ ಬರುವ ಮೊದಲು ಶಿವಮೊಗ್ಗಕ್ಕೆ ಹೋಗಿ, ಚರ್ಚುಗಳ ಹತ್ತಿರ ಪುಸ್ತಕ ಮಾರುವವರು ಯಾರಿದ್ದಾರೆ ಅಂತ ಪಾದ್ರಿ ಅಯ್ಯನವರನ್ನು ಕೇಳಿ, ಅವರ ಹತ್ತಿರವೇ ತಗೋ. ಚೌಕಾಸಿ ಮಾಡಬೇಡ. ದಿನಕ್ಕೊಂದು ವಾಕ್ಯ ಇರುವ ಕನ್ನಡ ಕ್ಯಾಲೆಂಡರ್ ಸಿಕ್ಕರೆ ನನಗೂ ಒಂದು ತಾ. ಹಳೇದಾಗಿದ್ದರೂ ಪರವಾಗಿಲ್ಲ.